ಸ್ಪರ್ಶಫಲಕದ ಮರೆವು

ಮಡಿಲ ಮೇಲಿರಿಸಿಕೊಂಡು ಕೆಲಸ ಮಾಡಬಹುದಾದ ಗಣಕಯಂತ್ರಕ್ಕೆ ಲ್ಯಾಪ್‌ಟಾಪ್ ಎಂದು ಹೆಸರು. ಅದರ ಕೀಲಿಮಣೆಯ ಕೆಳಗೆ, ಅಂಗೈಗಳು ಒರಗಿಕೊಳ್ಳುವ ಎಡೆಯಲ್ಲಿ, ಹೆಚ್ಚುಕಡಿಮೆ ಅಂಚೆ ಕಾರ್ಡಿನ ಅಳತೆಯ ಒಂದು ನುಣುಪಾದ ಆಯತವಿರುತ್ತದೆ. ಅದೇ ಸ್ಪರ್ಶಫಲಕ, ಬಳಕೆಯ ಮಾತಿನಲ್ಲಿ ಟಚ್‌ಪ್ಯಾಡ್. ಅದರ ಮೇಲೆ ಬೆರಳನ್ನು ಎಳೆದರೆ ಪರದೆಯ ಮೇಲಿನ ಬಾಣದ ಗುರುತು ಅದೇ ದಿಕ್ಕಿಗೆ ಸರಿಯುತ್ತದೆ. ಮೆಲ್ಲನೆ ತಟ್ಟಿದರೆ ಗುಂಡಿಯನ್ನು ಒತ್ತಿದ ಫಲ ದೊರೆಯುತ್ತದೆ. ಎರಡು ಬೆರಳುಗಳನ್ನು ಕೂಡಿಸಿ ಜಾರಿಸಿದರೆ ಪುಟವು ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ.

ಆದರೆ ಎಲ್ಲರ ಕೈಯೂ ಒಂದೇ ಬಗೆಯದಲ್ಲ. ಮುಪ್ಪಿನಿಂದಲೋ ವ್ಯಾಧಿಯಿಂದಲೋ ಕೈ ನಡುಗುವವರಿಗೆ ಈ ಮೆಲುತಟ್ಟು ಒಂದು ಪೀಡೆಯೇ ಸರಿ. ಅವರ ಬೆರಳು ಅರಿವಿಲ್ಲದೆ ಸೋಕಿದರೂ ಯಂತ್ರವು ಅದನ್ನು ಆಜ್ಞೆಯೆಂದು ಭಾವಿಸಿ, ಅರ್ಧ ಬರೆದ ಪತ್ರವನ್ನು ಕಳುಹಿಸಿಬಿಡಬಹುದು. ವೇಗವಾಗಿ ಬೆರಳಚ್ಚು ಮಾಡುವವನ ಹೆಬ್ಬೆರಳಿನ ಬುಡ ಫಲಕಕ್ಕೆ ತಗುಲಿದರೆ, ಬರೆಯುತ್ತಿದ್ದ ಅಕ್ಷರಗಳು ಬೇರೊಂದು ಸಾಲಿನ ನಡುವೆ ಹೋಗಿ ಕುಳಿತುಕೊಳ್ಳುತ್ತವೆ. ಎಡಗೈಯವನಿಗೆ ಎಡಬಲದ ಗುಂಡಿಗಳು ಅದಲುಬದಲಾಗಬೇಕು. ಕಣ್ಣು ಮಂದವಾದವರಿಗೆ ಬಾಣದ ವೇಗ ಕಡಿಮೆಯಾಗಬೇಕು. ಈ ಕಾರಣದಿಂದಲೇ ತಟ್ಟನ್ನು ನಿಲ್ಲಿಸುವುದಕ್ಕೆ, ವೇಗವನ್ನು ಹೆಚ್ಚುಕಡಿಮೆ ಮಾಡುವುದಕ್ಕೆ, ಜಾರಿಸುವ ದಿಕ್ಕನ್ನು ತಿರುಗಿಸುವುದಕ್ಕೆ ಗಣಕಯಂತ್ರದಲ್ಲಿ ಅವಕಾಶವನ್ನು ಕಲ್ಪಿಸಿರುತ್ತಾರೆ. ಇವುಗಳಿಗೆ ಹೊಂದಾಣಿಕೆಗಳು ಎನ್ನಬಹುದು.

ಬಳಸುವವನು ತನ್ನ ಕೈಗೆ ಒಪ್ಪುವಂತೆ ಇವೆಲ್ಲವನ್ನೂ ಒಂದು ಸಂಜೆ ಸರಿಪಡಿಸಿಕೊಳ್ಳುತ್ತಾನೆ. ಯಂತ್ರ ಹೇಳಿದಂತೆ ಕೇಳುತ್ತದೆ. ರಾತ್ರಿ ಅದನ್ನು ಆರಿಸಿ, ಮರುದಿನ ಬೆಳಿಗ್ಗೆ ಮತ್ತೆ ಹೊತ್ತಿಸಿದಾಗ ಹಿಂದಿನ ದಿನದ ಏರ್ಪಾಡೊಂದೂ ಉಳಿದಿರುವುದಿಲ್ಲ. ತಟ್ಟು ಮರಳಿ ಬಂದಿರುತ್ತದೆ. ಬಾಣ ಮೊದಲಿನಂತೆಯೇ ಚಿಗರೆಯ ಹಾಗೆ ನೆಗೆಯುತ್ತಿರುತ್ತದೆ. ಅವನು ತಾಳ್ಮೆಯಿಂದ ಎಲ್ಲವನ್ನೂ ಮತ್ತೊಮ್ಮೆ ಸರಿಪಡಿಸುತ್ತಾನೆ. ಮಾರನೆಯ ದಿನವೂ ಅದೇ ಕಥೆ. ಬಲವಾದ ಕೈಯುಳ್ಳವನಿಗೆ ಇದು ಕೇವಲ ಕಿರಿಕಿರಿ. ನಡುಗುವ ಕೈಯವನಿಗಾದರೋ ಹೊಂದಾಣಿಕೆಯ ಪುಟವನ್ನು ತಲುಪುವುದಕ್ಕೇ ಆ ತಟ್ಟಿನೊಡನೆ ದಿನದಿನವೂ ಸೆಣಸಬೇಕಾಗುತ್ತದೆ. ಸಾವಿರಾರು ಪುಟಗಳನ್ನು ನೆನಪಿಡಬಲ್ಲ ಯಂತ್ರವು ಇಷ್ಟು ಸಣ್ಣ ಮಾತನ್ನು ಮರೆಯುವುದಾದರೂ ಏಕೆ?

ಉತ್ತರವನ್ನು ಅರಿಯಬೇಕಾದರೆ ಮೊದಲು ಫಲಕದ ಸ್ವಭಾವವನ್ನು ಅರಿಯಬೇಕು. ಪರದೆಯ ಮೇಲಿನ ಗುರುತನ್ನು ಕೈಯಿಂದ ನಡೆಸುವ ಉಪಾಯಗಳಲ್ಲಿ ಹೆಸರಾದದ್ದು ಮೌಸ್. ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ ಅದನ್ನು 1968ರ ಡಿಸೆಂಬರ್ ತಿಂಗಳಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಸಭೆಯೊಂದರಲ್ಲಿ ಸಾರ್ವಜನಿಕವಾಗಿ ತೋರಿಸಿದನು. ಮೇಜಿಲ್ಲದ ಕಡೆ ಮೌಸಿನಿಂದ ಪ್ರಯೋಜನವಿಲ್ಲ. ಹೊತ್ತು ತಿರುಗುವ ಗಣಕಯಂತ್ರಗಳು ಬಂದ ಮೇಲೆ ಬೇರೆ ಉಪಾಯ ಬೇಕಾಯಿತು. 1994ರಲ್ಲಿ ಆಪಲ್ ಸಂಸ್ಥೆ ಹೊರತಂದ ಪವರ್‌ಬುಕ್ 500 ಎಂಬ ಸಾಲಿನ ಯಂತ್ರಗಳಲ್ಲಿ ಬೆರಳಿನ ಸ್ಪರ್ಶವನ್ನರಿಯುವ ಫಲಕವಿದ್ದಿತು. ಈ ಫಲಕಗಳ ತಯಾರಿಕೆಯಲ್ಲಿ ಮುಂದೆ ಹೆಸರು ಮಾಡಿದ ಸಿನಾಪ್ಟಿಕ್ಸ್ ಸಂಸ್ಥೆಯನ್ನು 1986ರಲ್ಲಿ ಸ್ಥಾಪಿಸಿದವರು ಫೆಡೆರಿಕೋ ಫ್ಯಾಜಿನ್ ಮತ್ತು ಕಾರ್ವರ್ ಮೀಡ್. ಅವರು ಮೊದಲು ಕೈಹಾಕಿದ್ದು ಮೆದುಳಿನ ನರಜಾಲವನ್ನು ವಿದ್ಯುನ್ಮಂಡಲಗಳಲ್ಲಿ ಅನುಕರಿಸುವ ಕಾರ್ಯಕ್ಕೆ. ಮೆದುಳಿನಿಂದ ಹೊರಟವರು ಬೆರಳ ತುದಿಗೆ ಬಂದು ನಿಂತರು. ವಿಜ್ಞಾನದಲ್ಲಿ ಇಂಥ ತಿರುವುಗಳು ಅಪರೂಪವೇನಲ್ಲ.

ಫಲಕದ ಹೊದಿಕೆಯ ಕೆಳಗೆ ಬಹು ಸಣ್ಣ ಲೋಹದ ಎಳೆಗಳನ್ನು ಅಡ್ಡಲಾಗಿಯೂ ಉದ್ದವಾಗಿಯೂ ಹಾಸಿರುತ್ತಾರೆ. ನೇಯ್ಗೆಯ ಹಾಸು ಹೊಕ್ಕುಗಳಂತೆ. ಆದರೆ ಇಲ್ಲಿ ಹಾಸಿಗೂ ಹೊಕ್ಕಿಗೂ ಸ್ಪರ್ಶವಿಲ್ಲ. ನಡುವೆ ವಿದ್ಯುತ್ತನ್ನು ಹರಿಯಗೊಡದ ಪದರವಿರುತ್ತದೆ. ಎಳೆಗಳು ಹಾಯುವ ಎಡೆಗಳಲ್ಲೆಲ್ಲ ಅತಿ ಸ್ವಲ್ಪ ವಿದ್ಯುದಾವೇಶ ಸಂಗ್ರಹವಾಗುತ್ತದೆ. ಮನುಷ್ಯನ ದೇಹ ವಿದ್ಯುದ್ವಾಹಕ. ಬೆರಳು ಹತ್ತಿರ ಬಂದೊಡನೆ ಆ ಎಡೆಯಲ್ಲಿ ಆವೇಶವನ್ನು ಹಿಡಿದಿಡುವ ಸಾಮರ್ಥ್ಯ ವ್ಯತ್ಯಾಸಗೊಳ್ಳುತ್ತದೆ. ಫಲಕದೊಳಗಿನ ಪುಟ್ಟ ಸಂಸ್ಕಾರಕವು ಸಾಲು ಸಾಲಾಗಿ ಎಲ್ಲ ಎಡೆಗಳನ್ನೂ ಸೆಕೆಂಡಿಗೆ ಹತ್ತಾರು ಬಾರಿ ಅಳೆದು ನೋಡುತ್ತ, ವ್ಯತ್ಯಾಸ ಎಲ್ಲಿ ಹೆಚ್ಚೆಂಬುದರಿಂದ ಬೆರಳಿನ ನಡುಬಿಂದುವನ್ನು ಲೆಕ್ಕ ಹಾಕುತ್ತದೆ. ದಪ್ಪ ಬಟ್ಟೆಯನ್ನು ಸುತ್ತಿದ ಬೆರಳನ್ನು ಅದು ಗುರುತಿಸದಿರುವುದಕ್ಕೂ, ಒದ್ದೆ ಬೆರಳಿನಿಂದ ತಬ್ಬಿಬ್ಬಾಗುವುದಕ್ಕೂ ಇದೇ ಕಾರಣ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬೆರಳು ಎಲ್ಲಿದೆ ಎಂಬುದು ಫಲಕಕ್ಕೆ ಗೊತ್ತು. ಬಳಸುವವನಿಗೆ ಏನು ಇಷ್ಟ ಎಂಬುದು ಸಾಮಾನ್ಯವಾಗಿ ಅದಕ್ಕೆ ಗೊತ್ತಿಲ್ಲ. ಆತನ ಇಚ್ಛೆಯನ್ನು ಬರೆದಿಟ್ಟುಕೊಳ್ಳುವ ಹೊಣೆ ಗಣಕಯಂತ್ರದ ತಂತ್ರಾಂಶದ್ದು. ಮೌಸಿನ ಬಗೆಯ ಜೋಡಣೆಯುಳ್ಳ ಸಿನಾಪ್ಟಿಕ್ಸ್ ಫಲಕಗಳ ನಡವಳಿಕೆಯಿಂದ ಇದು ಚೆನ್ನಾಗಿ ಮನದಟ್ಟಾಗುತ್ತದೆ. ವಿದ್ಯುತ್ ಹರಿದೊಡನೆ ಅಂಥ ಫಲಕವು ತಾನು ಸ್ಪರ್ಶಫಲಕವೆಂಬುದನ್ನೇ ಮರೆಮಾಚಿ ಸಾಧಾರಣ ಮೌಸಿನಂತೆ ನಟಿಸುತ್ತದೆ. ತಟ್ಟನ್ನು ಗುಂಡಿಯ ಒತ್ತಡವೆಂದು ತಾನೇ ಅರ್ಥೈಸಿ ತಿಳಿಸುತ್ತದೆ. ಹಳೆಯ ತಂತ್ರಾಂಶಗಳಿಗೂ ಅದು ಅರ್ಥವಾಗಲೆಂಬುದು ಇದರ ಉದ್ದೇಶ. ಅನಂತರ ಡ್ರೈವರ್ ಎಂಬ ತಂತ್ರಾಂಶವು ಬಂದು, ಗೊತ್ತಾದ ಸಂಕೇತಗಳನ್ನು ಕಳುಹಿಸಿದ ಮೇಲೆಯೇ ಅದು ವೇಷವನ್ನು ಕಳಚಿ ಬೆರಳಿನ ನಿಜವಾದ ಸ್ಥಾನವನ್ನು ಹೇಳತೊಡಗುತ್ತದೆ. ಡ್ರೈವರ್ ಎಂದರೆ ಯಂತ್ರದ ಒಂದೊಂದು ಅಂಗದೊಡನೆ ಮಾತನಾಡಬಲ್ಲ ದುಭಾಷಿ. ಆ ದುಭಾಷಿ ಬಾರದಿದ್ದ ದಿನ ಫಲಕವು ಮೌಸಾಗಿಯೇ ಉಳಿಯುತ್ತದೆ, ತಟ್ಟೂ ಉಳಿಯುತ್ತದೆ.

ಯಕ್ಷಗಾನದ ವೇಷಧಾರಿ ಬೆಳಗಾಗುತ್ತಲೇ ಬಣ್ಣವನ್ನು ತೊಳೆದುಕೊಳ್ಳುತ್ತಾನೆ. ಮರುದಿನ ರಾತ್ರಿ ಚೌಕಿಯಲ್ಲಿ ಕುಳಿತು ಮೊದಲಿನಿಂದ ಬಣ್ಣ ಬರೆದುಕೊಳ್ಳಬೇಕು. ನಿನ್ನೆಯ ಕಿರೀಟಧಾರಿಯೆಂಬ ಕಾರಣದಿಂದ ಇಂದು ಅವನ ಮುಖದಲ್ಲಿ ಬಣ್ಣ ತಾನಾಗಿ ಮೂಡುವುದಿಲ್ಲ. ಸ್ಪರ್ಶಫಲಕದ ಸ್ಥಿತಿಯೂ ಇದೇ. ಪ್ರತಿಯೊಂದು ಪ್ರಾರಂಭದಲ್ಲಿಯೂ ಯಾರೋ ಒಬ್ಬರು ಬಂದು ಅದಕ್ಕೆ ಹೊಂದಾಣಿಕೆಗಳ ಬಣ್ಣವನ್ನು ಹೊಸದಾಗಿ ಬರೆಯಬೇಕು. ಹಾಗೆ ಬರೆಯುವವರು ಯಾವ ಪುಸ್ತಕವನ್ನು ನೋಡಿ ಬರೆಯುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಗಣಕಯಂತ್ರದಲ್ಲಿ ನೆನಪು ಎರಡು ಬಗೆ. ಮೊದಲನೆಯದು ಕೆಲಸದ ವೇಳೆಯ ನೆನಪು. ಇದರ ಪ್ರಸಿದ್ಧ ರೂಪಕ್ಕೆ ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ 1968ರಲ್ಲಿ ಪೇಟೆಂಟ್ ಪಡೆದನು. ಒಂದೊಂದು ಅಂಕಕ್ಕೆ ಒಂದು ಟ್ರಾನ್ಸಿಸ್ಟರ್, ಒಂದು ಧಾರಕ. ಧಾರಕದಲ್ಲಿ ಆವೇಶವಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಆದರೆ ಈ ಧಾರಕವು ತೂತು ಕೊಡ. ಅದರಲ್ಲಿನ ಆವೇಶ ಕ್ಷಣಕ್ಷಣಕ್ಕೂ ಸೋರಿಹೋಗುತ್ತಿರುವುದರಿಂದ, ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳಿಗೊಮ್ಮೆ, ಎಂದರೆ ಸೆಕೆಂಡಿಗೆ ಸುಮಾರು 16 ಬಾರಿ, ಎಲ್ಲ ಕೊಡಗಳನ್ನೂ ನೋಡಿ ಮರಳಿ ತುಂಬುತ್ತಿರಬೇಕು. ವಿದ್ಯುತ್ ನಿಂತರೆ ತುಂಬುವವರಿಲ್ಲ, ನೆನಪೂ ಇಲ್ಲ. ಎರಡನೆಯದು ಶಾಶ್ವತ ಸಂಗ್ರಹ. ತಟ್ಟೆಯ ಕಾಂತಗುರುತುಗಳಲ್ಲಿಯೋ, ವಿದ್ಯುತ್ತಿಲ್ಲದೆಯೂ ಆವೇಶವನ್ನು ಬಂಧಿಸಿಡುವ ಅರೆವಾಹಕ ಚಿಪ್ಪುಗಳಲ್ಲಿಯೋ ಅದು ವರ್ಷಗಟ್ಟಲೆ ಉಳಿಯುತ್ತದೆ. ಮೊದಲನೆಯದು ಮಗುವಿನ ಸ್ಲೇಟಾದರೆ, ಎರಡನೆಯದು ತಾಮ್ರಶಾಸನ.

ಶಾಶ್ವತ ಸಂಗ್ರಹದಲ್ಲಿ ಬರಹಗಳು ಕಡತಗಳ ರೂಪದಲ್ಲಿರುತ್ತವೆ. ಈ ಮಾತು ಕನ್ನಡದಲ್ಲಿ ಹಳೆಯದು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಹಿಂದಿನ ಕಾಲದ ಕಡತ ಸಿದ್ಧವಾಗುತ್ತಿತ್ತು. ವ್ಯಾಪಾರಿಗಳೂ ಶಾನುಭೋಗರೂ ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಕಾದಾಗ ಒರಸಿ ಮತ್ತೆ ಬರೆಯುತ್ತಿದ್ದರು. ಶಾಶ್ವತವೆಂದು ಭಾವಿಸಿದ ಬರಹವನ್ನು ಇನ್ನೊಬ್ಬರು ಒರಸಿ ತಿದ್ದುವ ಸಾಧ್ಯತೆ ಆ ಕಡತದಲ್ಲಿದ್ದಂತೆ ಈ ಕಡತದಲ್ಲಿಯೂ ಇದೆ.

ಈಗ ಮರೆವಿನ ಕಾರಣಗಳು ತಾವಾಗಿ ಗೋಚರಿಸುತ್ತವೆ. ಬಳಸುವವನ ಇಚ್ಛೆ ಸ್ಲೇಟಿನ ಮೇಲೆ ಮಾತ್ರ ಬರೆಯಲ್ಪಟ್ಟಿರಬಹುದು. ಅಥವಾ ಕಡತದಲ್ಲಿ ಬರೆಯಲ್ಪಟ್ಟಿದ್ದರೂ ಪ್ರಾರಂಭದ ವೇಳೆ ಅದನ್ನು ಓದುವವರೇ ಇಲ್ಲದಿರಬಹುದು. ಅಥವಾ ಒಬ್ಬನು ಓದಿ ಬಣ್ಣ ಹಚ್ಚಿದ ಮೇಲೆ ಮತ್ತೊಬ್ಬನು ಬಂದು ತನ್ನ ಕಡತದಂತೆ ಬಣ್ಣವನ್ನು ತಿದ್ದಿರಬಹುದು. ಹಾಗಾಗಿ ಯಂತ್ರದ ನೆನಪಿನ ಶಕ್ತಿಯನ್ನು ದೂರುವುದು ಸರಿಯಲ್ಲ. ಕೆಟ್ಟ ಗಣಕಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಿದರೆ ಎಷ್ಟೋ ವೇಳೆ ಸರಿಹೋಗುವುದು ಎಲ್ಲರ ಅನುಭವ. ಸ್ಲೇಟಿನ ಮೇಲಿನ ತಪ್ಪು ಗೀಟುಗಳೆಲ್ಲ ಅಳಿಸಿಹೋಗುವುದೇ ಅದಕ್ಕೆ ಕಾರಣ. ಅದೇ ಒರಸುವಿಕೆ ಈ ಹೊಂದಾಣಿಕೆಯನ್ನೂ ಒಯ್ಯುತ್ತದೆ.

ಸ್ಲೇಟಿನ ಮೇಲಿನ ಬರಹಕ್ಕೆ ಒಳ್ಳೆಯ ನಿದರ್ಶನವನ್ನು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಕಾಣಬಹುದು. ಗಣಕಯಂತ್ರದ ಎಲ್ಲ ಅಂಗಗಳನ್ನೂ ನಿರ್ವಹಿಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎನ್ನುತ್ತಾರೆ. ಲಿನಕ್ಸಿನ ತಿರುಳನ್ನು 1991ರಲ್ಲಿ ಫಿನ್‌ಲೆಂಡಿನ ಲೈನಸ್ ಟೊರ್ವಾಲ್ಡ್ಸ್ ಪ್ರಕಟಿಸಿದನು. ಅದರ ಮೇಲೆ ಚಿತ್ರಪರದೆಯನ್ನು ನಡೆಸಲು ಬಹುಕಾಲದಿಂದ ಬಳಕೆಯಲ್ಲಿರುವ ಎಕ್ಸ್ ಎಂಬ ವ್ಯವಸ್ಥೆ ಹುಟ್ಟಿದ್ದು 1984ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ. ಎಕ್ಸ್ ವ್ಯವಸ್ಥೆಯಲ್ಲಿ ‘ಎಕ್ಸ್‌ಇನ್‌ಪುಟ್’ ಎಂಬ ಆಜ್ಞೆಯುಂಟು. ಫಲಕದ ಯಾವ ಗುಣವನ್ನು ಬೇಕಾದರೂ ಅದರಿಂದ ಬದಲಾಯಿಸಬಹುದು. ಫಲ ತತ್‌ಕ್ಷಣ ಕಾಣುತ್ತದೆ. ತತ್‌ಕ್ಷಣದ ಫಲವೇ ಇಲ್ಲಿ ಮೋಸಗೊಳಿಸುವುದು. ಆಜ್ಞೆ ತಲುಪುವುದು ಆಗ ನಡೆಯುತ್ತಿರುವ ಕಾರ್ಯಕ್ಕೆ ಮಾತ್ರ. ಯಾವ ಕಡತದಲ್ಲಿಯೂ ಅದು ಒಂದಕ್ಷರವನ್ನೂ ಬರೆಯುವುದಿಲ್ಲ. ಯಂತ್ರವನ್ನು ಆರಿಸುವುದಿರಲಿ, ಬಳಸುವವನು ಹೊರಹೋಗಿ ಮತ್ತೆ ಒಳಬಂದರೂ ಬದಲಾವಣೆ ಮಾಯವಾಗುತ್ತದೆ.

ಇದಕ್ಕೆ ಹಲವರು ಹಿಡಿಯುವ ದಾರಿ, ಆ ಆಜ್ಞೆಯನ್ನೇ ಪ್ರಾರಂಭದ ವೇಳೆಯಲ್ಲಿ ತಾನಾಗಿ ನಡೆಯುವಂತೆ ಏರ್ಪಡಿಸುವುದು. ದಾರಿ ತಪ್ಪಲ್ಲ, ಆದರೆ ಅದರಲ್ಲೊಂದು ಗುಂಡಿಯಿದೆ. ಎಕ್ಸ್ ವ್ಯವಸ್ಥೆ ಕೀಲಿಮಣೆ, ಮೌಸ್, ಫಲಕ ಮುಂತಾದ ಪ್ರತಿಯೊಂದು ಉಪಕರಣಕ್ಕೂ ಒಂದು ಸಂಖ್ಯೆಯನ್ನು ಕೊಡುತ್ತದೆ. ಇಂದು ಫಲಕದ ಸಂಖ್ಯೆ 12 ಆಗಿದ್ದರೆ ನಾಳೆಯೂ 12 ಆಗಿರಬೇಕೆಂಬ ನಿಯಮವಿಲ್ಲ. ಒಂದು ಮೌಸನ್ನು ಹೊಸದಾಗಿ ಜೋಡಿಸಿದರೆ ಸಾಕು, ಸಂಖ್ಯೆಗಳೆಲ್ಲ ಹಿಂದುಮುಂದಾಗಬಹುದು. ತರಗತಿಯ ಹಾಜರಿ ಸಂಖ್ಯೆ ವರ್ಷ ವರ್ಷಕ್ಕೂ ಬದಲಾಗುವ ಹಾಗೆ ಇದು. ಹಳೆಯ ಸಂಖ್ಯೆಯಿಂದ ಕೂಗಿದರೆ ಬೇರೊಬ್ಬ ಹುಡುಗ ಎದ್ದು ನಿಲ್ಲುತ್ತಾನೆ. ಆದಕಾರಣ ಆಜ್ಞೆಯಲ್ಲಿ ಸಂಖ್ಯೆಯ ಬದಲು ಉಪಕರಣದ ಪೂರ್ಣ ಹೆಸರನ್ನೇ ಬರೆಯಬೇಕು. ಈ ಒಂದು ತಿದ್ದುಪಡಿಯಿಂದಲೇ ಪರಿಹಾರವಾಗುವ ಪ್ರಸಂಗಗಳು ಕಡಿಮೆಯಲ್ಲ.

ಇದಕ್ಕಿಂತ ಗಟ್ಟಿಯಾದ ದಾರಿ ಇಚ್ಛೆಯನ್ನು ಕಡತದಲ್ಲಿ ಬರೆದಿಡುವುದು. ಲಿನಕ್ಸಿನಲ್ಲಿ ‘ಇಟಿಸಿ’ ಎಂಬ ಕೋಶದೊಳಗೆ ಎಕ್ಸ್ ವ್ಯವಸ್ಥೆಯ ಕೋಶವೂ, ಅದರೊಳಗೆ ‘ಎಕ್ಸ್‌ಆರ್ಗ್ ಡಾಟ್ ಕಾನ್ಫ್ ಡಾಟ್ ಡಿ’ ಎಂಬ ಒಳಕೋಶವೂ ಇರುತ್ತವೆ. ಪ್ರಾರಂಭವಾಗುವಾಗ ಎಕ್ಸ್ ವ್ಯವಸ್ಥೆ ಈ ಒಳಕೋಶದ ‘ಕಾನ್ಫ್’ ಎಂಬ ಬಾಲವುಳ್ಳ ಕಡತಗಳನ್ನೆಲ್ಲ ಹೆಸರಿನ ಅನುಕ್ರಮದಲ್ಲಿ ಓದುತ್ತದೆ. ಅಲ್ಲಿ ಒಂದು ಚಿಕ್ಕ ಕಡತವನ್ನಿಟ್ಟು, ಸ್ಪರ್ಶಫಲಕವೆಂಬ ವರ್ಗಕ್ಕೆ ಸೇರಿದ ಉಪಕರಣ ಯಾವುದೇ ಬಂದರೂ ಅದಕ್ಕೆ ಇಂಥ ಡ್ರೈವರ್, ಇಂಥ ಹೊಂದಾಣಿಕೆ ಎಂದು ನಾಲ್ಕಾರು ಸಾಲುಗಳಲ್ಲಿ ಬರೆದರೆ ಸಾಕು. ಫಲಕ ಯಾವಾಗ ಕಾಣಿಸಿಕೊಂಡರೂ, ಅದರ ಸಂಖ್ಯೆ ಏನೇ ಆದರೂ, ಈ ಶಾಸನ ಅನ್ವಯವಾಗುತ್ತದೆ. ಆ ಕೋಶದಲ್ಲಿ ಬರೆಯಲು ಯಂತ್ರದ ಮೇಲ್ವಿಚಾರಕನ ಅಧಿಕಾರ ಬೇಕು. ಕಂಡವರೆಲ್ಲ ಶಾಸನವನ್ನು ಕೆತ್ತುವಂತಿಲ್ಲ.

ಲಿನಕ್ಸಿನಲ್ಲಿ ಈ ಕಾರ್ಯಕ್ಕೆ ಬಳಕೆಯಾಗುವ ಲಿಬ್‌ಇನ್‌ಪುಟ್ ಎಂಬ ತಂತ್ರಾಂಶ ಹೆಚ್ಚಿನ ಫಲಕಗಳಲ್ಲಿ ಮೆಲುತಟ್ಟನ್ನು ಮೊದಲಿಗೇ ನಿಲ್ಲಿಸಿರುತ್ತದೆ. ಅದನ್ನು ರಚಿಸಿದವರು ಕೊಡುವ ಕಾರಣ ಮನನೀಯವಾಗಿದೆ. ತಟ್ಟಿನ ಸೌಲಭ್ಯವನ್ನು ಬಲ್ಲವನು ಅದನ್ನು ಹುಡುಕಿ ತೆರೆದುಕೊಳ್ಳಬಲ್ಲನು. ಅದೊಂದು ಇದೆಯೆಂದೇ ತಿಳಿಯದವನಿಗೆ, ಕಾರಣವಿಲ್ಲದೆ ಪುಟಗಳು ತೆರೆದುಕೊಳ್ಳುವುದು ಒಗಟಾಗುತ್ತದೆ. ಅದನ್ನು ನಿಲ್ಲಿಸುವ ಬಗೆಯೂ ಅವನಿಗೆ ಹೊಳೆಯುವುದಿಲ್ಲ. ತಯಾರಕನು ಮೊದಲೇ ಇಟ್ಟುಕೊಡುವ ಹೊಂದಾಣಿಕೆಯು ಯಾರನ್ನು ಕುರಿತದ್ದು ಎಂಬ ಪ್ರಶ್ನೆಗೆ ಇಷ್ಟು ಸೌಜನ್ಯದ ಉತ್ತರ ಎಲ್ಲ ಕಡೆಯೂ ದೊರೆಯುವುದಿಲ್ಲ.

ಒಂದು ಮುಖಕ್ಕೆ ಇಬ್ಬರು ಬಣ್ಣ ಹಚ್ಚುವ ಪ್ರಸಂಗವೂ ಲಿನಕ್ಸಿನಲ್ಲಿ ಒದಗುತ್ತದೆ. ಗ್ನೋಮ್ ಮುಂತಾದ ಮೇಜುಪರದೆಯ ವ್ಯವಸ್ಥೆಗಳು ಹೊಂದಾಣಿಕೆಗಳಿಗಾಗಿ ತಮ್ಮದೇ ದಾಖಲೆಯನ್ನಿಟ್ಟುಕೊಂಡಿರುತ್ತವೆ. ಎಕ್ಸ್ ವ್ಯವಸ್ಥೆ ಶಾಸನವನ್ನು ಓದಿ ಫಲಕವನ್ನು ಸಜ್ಜುಗೊಳಿಸಿದ ಅನಂತರ ಗ್ನೋಮ್ ಬಂದು ತನ್ನ ದಾಖಲೆಯಂತೆ ಅದನ್ನು ತಿದ್ದುತ್ತದೆ. ಕೊನೆಯಲ್ಲಿ ಕುಂಚ ಹಿಡಿದವನದೇ ಗೆಲುವು. ಅಂಥಲ್ಲಿ ಕಡತವನ್ನು ಎಷ್ಟು ಸಲ ಬರೆದರೂ ವ್ಯರ್ಥ. ಗ್ನೋಮಿನ ಹೊಂದಾಣಿಕೆಯ ಪುಟದಲ್ಲಿಯೇ ಬದಲಾವಣೆಯನ್ನು ಮಾಡಬೇಕು. ಎಕ್ಸ್ ವ್ಯವಸ್ಥೆಯ ಸ್ಥಾನಕ್ಕೆ ವೇಲ್ಯಾಂಡ್ ಎಂಬ ಹೊಸ ಏರ್ಪಾಡು ಬಂದಿರುವ ಯಂತ್ರಗಳಲ್ಲಂತೂ ಎಕ್ಸ್ ವ್ಯವಸ್ಥೆಯ ಆ ಕಡತಗಳಿಗೆ ಫಲಕದ ಮೇಲೆ ಅಧಿಕಾರವೇ ಇಲ್ಲ. ಹಳೆಯ ಸಲಹೆಗಳನ್ನು ನೆಚ್ಚಿ ಹೊಸ ಯಂತ್ರವನ್ನು ತಿದ್ದಹೊರಟವರು ಸೋಲುವುದು ಹೀಗೆ. ಹೆಸರು ಮತ್ತು ಗುಪ್ತಪದವನ್ನು ಕೇಳುವ ಮೊದಲ ಪರದೆಯಲ್ಲಿ ತಟ್ಟು ಒಂದು ಬಗೆ, ಒಳಹೊಕ್ಕ ಮೇಲೆ ಇನ್ನೊಂದು ಬಗೆ ಇರುವುದುಂಟು. ಅದಕ್ಕೂ ಕಾರಣ ಸರಳ. ಗ್ನೋಮಿನ ಆ ಮೊದಲ ಪರದೆ ಬೇರೊಬ್ಬ ಬಳಕೆದಾರನ ಹೆಸರಿನಲ್ಲಿ ನಡೆಯುವುದರಿಂದ ಅದರ ದಾಖಲೆಯೂ ಬೇರೆ.

ಜಗತ್ತಿನ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿರುವುದು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್. ಅದರಲ್ಲಿ ಹೊಂದಾಣಿಕೆಗಳನ್ನು ರಿಜಿಸ್ಟ್ರಿ ಎಂಬ ಬೃಹತ್ ದಾಖಲೆಯಲ್ಲಿ ಬರೆದಿಡುತ್ತಾರೆ. ಅದರ ಒಂದು ಪಾಲು ಇಡೀ ಯಂತ್ರಕ್ಕೆ ಸೇರಿದ್ದು. ಮತ್ತೊಂದು ಪಾಲು ಒಬ್ಬೊಬ್ಬ ಬಳಕೆದಾರನಿಗೆ ಸೇರಿದ್ದು. ಈ ಎರಡನೆಯ ಪಾಲು ಆಯಾ ಬಳಕೆದಾರನ ಕೋಶದಲ್ಲಿಯೇ ಒಂದು ಕಡತವಾಗಿದ್ದು, ಅವನು ಒಳಬಂದಾಗ ತೆರೆಯಲ್ಪಡುತ್ತದೆ. ಒಂದೇ ಯಂತ್ರವನ್ನು ತಂದೆಯೂ ಮಗಳೂ ಬೇರೆ ಬೇರೆ ಹೆಸರಿನಿಂದ ಬಳಸಿದರೆ ಇಬ್ಬರಿಗೂ ಬೇರೆ ಬೇರೆ ಹೊಂದಾಣಿಕೆ ಸಾಧ್ಯವಾಗುವುದು ಇದರಿಂದಲೇ.

ವಿಂಡೋಸಿನಲ್ಲಿ ಮರೆವು ತಲೆದೋರುವುದು ಹೆಚ್ಚಾಗಿ ಎರಡು ಒಡೆತನಗಳ ತಿಕ್ಕಾಟದಿಂದ. ಹಿಂದೆ ಫಲಕವನ್ನು ತಯಾರಿಸಿದ ಸಿನಾಪ್ಟಿಕ್ಸ್, ಎಲಾನ್, ಆಲ್ಪ್ಸ್ ಮುಂತಾದ ಸಂಸ್ಥೆಗಳು ತಂತಮ್ಮ ಡ್ರೈವರುಗಳನ್ನೂ ತಂತಮ್ಮ ಹೊಂದಾಣಿಕೆಯ ಪುಟಗಳನ್ನೂ ಕೊಡುತ್ತಿದ್ದವು. 2013ರ ವಿಂಡೋಸ್ 8.1ರಿಂದ ಮೊದಲಾಗಿ, ‘ಪ್ರಿಸಿಷನ್ ಟಚ್‌ಪ್ಯಾಡ್’ ಎಂಬ ವರ್ಗದ ಫಲಕಗಳನ್ನು ವಿಂಡೋಸ್ ತಾನೇ ನೇರವಾಗಿ ನಡೆಸತೊಡಗಿತು. ಹೀಗಾಗಿ ಕೆಲವು ಯಂತ್ರಗಳಲ್ಲಿ ವಿಂಡೋಸಿನ ಪುಟವೊಂದು, ತಯಾರಕರ ಪುಟವೊಂದು, ಎರಡೂ ಇರುತ್ತವೆ. ಬಳಸುವವನು ಒಂದರಲ್ಲಿ ಬದಲಾಯಿಸುತ್ತಾನೆ. ಪ್ರಾರಂಭದಲ್ಲಿ ಓದಲ್ಪಡುವುದು ಇನ್ನೊಂದು. ಆದುದರಿಂದ ತಯಾರಕರ ಪುಟವಿದ್ದರೆ ಬದಲಾವಣೆಯನ್ನು ಅಲ್ಲಿಯೂ ಮಾಡಿ ನೋಡಬೇಕು.

ತಯಾರಕರ ಡ್ರೈವರಿನೊಡನೆ ಒಂದು ಸಹಾಯಕ ತಂತ್ರಾಂಶವೂ ಬರುವುದುಂಟು. ಪ್ರಾರಂಭದ ವೇಳೆ ಬರೆದಿಟ್ಟ ಇಚ್ಛೆಯನ್ನು ಓದಿ ಫಲಕಕ್ಕೆ ತಿಳಿಸುವುದು ಅದರ ಕೆಲಸ. ಯಂತ್ರ ಬೇಗ ಹೊತ್ತಿಕೊಳ್ಳಲೆಂಬ ಆಸೆಯಿಂದ ಪ್ರಾರಂಭದ ಪಟ್ಟಿಯಲ್ಲಿರುವ ಅಪರಿಚಿತ ಹೆಸರುಗಳನ್ನೆಲ್ಲ ತೆಗೆದುಹಾಕುವ ಅಭ್ಯಾಸ ಕೆಲವರಿಗಿದೆ. ಆ ಪಟ್ಟಿಯಲ್ಲಿ ಈ ಬಡಪಾಯಿ ಸಹಾಯಕನೂ ಸೇರಿಹೋಗಿರುತ್ತಾನೆ. ಕಡತ ಭದ್ರವಾಗಿದೆ, ಬರಹ ಸರಿಯಾಗಿದೆ, ಓದುವವನನ್ನೇ ಮನೆಗೆ ಕಳುಹಿಸಲಾಗಿದೆ! ಟಾಸ್ಕ್ ಮ್ಯಾನೇಜರ್ ಎಂಬ ಪುಟದ ‘ಸ್ಟಾರ್ಟಪ್’ ಭಾಗದಲ್ಲಿ ನೋಡಿ ಅವನನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಂಡರೆ ಮರೆವು ಅಲ್ಲಿಗೆ ನಿಲ್ಲುತ್ತದೆ.

ಮರೆವು ಯಾವಾಗ ಉಂಟಾಯಿತು ಎಂಬುದನ್ನು ಗಮನಿಸಿದರೆ ಕಾರಣವನ್ನು ಬಹುಮಟ್ಟಿಗೆ ಊಹಿಸಬಹುದು. ವೈದ್ಯನು ಜ್ವರ ಬಂದ ಹೊತ್ತನ್ನು ಕೇಳುವಂತೆ ಇಲ್ಲಿಯೂ ಹೊತ್ತು ಮುಖ್ಯ. ಯಂತ್ರವು ಮಲಗಿ ಎದ್ದ ಮೇಲೆ ಮಾತ್ರ ಹೊಂದಾಣಿಕೆ ತಪ್ಪಿದರೆ, ನಿದ್ರೆಯ ವೇಳೆ ಫಲಕಕ್ಕೆ ವಿದ್ಯುತ್ ತಪ್ಪಿ ಅದು ಹುಟ್ಟುಸ್ಥಿತಿಗೆ ಮರಳಿದೆಯೆಂದೂ, ಎದ್ದ ಮೇಲೆ ಡ್ರೈವರ್ ಸಂಕೇತಗಳನ್ನು ಮತ್ತೆ ಕಳುಹಿಸಲಿಲ್ಲವೆಂದೂ ಶಂಕಿಸಬಹುದು. ಡ್ರೈವರನ್ನು ಇಳಿಸಿ ಮತ್ತೆ ಏರಿಸಿದಾಗ ಸರಿಹೋದರೆ ಶಂಕೆ ದೃಢವಾಗುತ್ತದೆ. ಕೆಲವು ವಾರ ಚೆನ್ನಾಗಿದ್ದು ಒಂದು ದಿನ ಹಠಾತ್ತನೆ ತಪ್ಪಿದರೆ, ಅದರ ಹಿಂದಿನ ದಿನಗಳಲ್ಲಿ ವಿಂಡೋಸ್ ತನ್ನನ್ನು ತಾನು ನವೀಕರಿಸಿಕೊಂಡಿದೆಯೇ ಎಂದು ನೋಡಬೇಕು. ನವೀಕರಣದೊಡನೆ ಹೊಸ ಡ್ರೈವರ್ ಬಂದು ಹಳೆಯ ಹೊಂದಾಣಿಕೆಯನ್ನು ಮೂಲಸ್ಥಿತಿಗೆ ತಂದಿರಬಹುದು. ಆಗ ಲ್ಯಾಪ್‌ಟಾಪ್ ತಯಾರಿಸಿದ ಸಂಸ್ಥೆಯೇ ಆ ಮಾದರಿಗೆಂದು ಕೊಡುವ ಡ್ರೈವರನ್ನು ಸ್ಥಾಪಿಸುವುದು, ಅಥವಾ ಡಿವೈಸ್ ಮ್ಯಾನೇಜರಿನಲ್ಲಿ ಹಿಂದಿನ ಡ್ರೈವರಿಗೆ ಮರಳುವುದು ಉಚಿತ.

ವಿಚಿತ್ರವಾಗಿ ತೋರುವ ಪ್ರಸಂಗ ಇನ್ನೊಂದಿದೆ. ‘ರೀಸ್ಟಾರ್ಟ್’ ಮಾಡಿದರೆ ಎಲ್ಲವೂ ಸರಿ. ಪೂರ್ತಿ ಆರಿಸಿ ಹೊತ್ತಿಸಿದರೆ ಮಾತ್ರ ಫಲಕ ಹದ ತಪ್ಪುತ್ತದೆ. ಪೂರ್ತಿ ಆರಿಸುವುದೇ ಹೆಚ್ಚು ಶುದ್ಧವಾದ ಪ್ರಾರಂಭಕ್ಕೆ ದಾರಿಯಲ್ಲವೇ ಎಂದು ಯಾರಿಗಾದರೂ ತೋರುವುದು ಸಹಜ. ನಿಜ ಸ್ಥಿತಿ ಅದಕ್ಕೆ ವಿರುದ್ಧವಾಗಿದೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡು ಬಳಕೆಗೆ ಬಂದಿತು. ಅದು ಜಾರಿಯಲ್ಲಿರುವಾಗ ಯಂತ್ರವನ್ನು ಆರಿಸಿದರೆ ಬಳಸುವವನ ಕಾರ್ಯಗಳು ಮುಗಿಯುತ್ತವೆ, ನಿಜ. ಆದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು ಮತ್ತು ಡ್ರೈವರುಗಳ ಸ್ಥಿತಿಯನ್ನು ಇದ್ದ ಹಾಗೆಯೇ ಒಂದು ಕಡತದಲ್ಲಿ ಬರೆದಿಟ್ಟು, ಮರುದಿನ ಅದನ್ನೇ ಮರಳಿ ತುಂಬಲಾಗುತ್ತದೆ. ಡ್ರೈವರಿನ ದೃಷ್ಟಿಯಲ್ಲಿ ಅದು ಹೊಸ ಹುಟ್ಟಲ್ಲ, ದೀರ್ಘನಿದ್ರೆಯಿಂದ ಎಚ್ಚರಗೊಂಡಂತೆ. ಫಲಕವಾದರೋ ವಿದ್ಯುತ್ತಿಲ್ಲದೆ ನಿಜವಾಗಿಯೇ ಹೊಸದಾಗಿ ಹುಟ್ಟಿರುತ್ತದೆ. ಒಬ್ಬರು ಹಳೆಯ ಮಾತನ್ನು ಮುಂದುವರಿಸುತ್ತಿದ್ದಾರೆ, ಇನ್ನೊಬ್ಬರಿಗೆ ಹಿಂದಿನ ಮಾತೇ ಕೇಳಿಲ್ಲ. ಎಲ್ಲ ಡ್ರೈವರುಗಳೂ ಈ ಸಂದರ್ಭವನ್ನು ಸಮರ್ಥವಾಗಿ ನಿಭಾಯಿಸುವುದಿಲ್ಲ. ರೀಸ್ಟಾರ್ಟಿನಲ್ಲಿಯಾದರೆ ತಿರುಳೂ ಮೊದಲಿನಿಂದ ಪ್ರಾರಂಭವಾಗುತ್ತದೆ. ಕಂಟ್ರೋಲ್ ಪ್ಯಾನೆಲ್ಲಿನ ವಿದ್ಯುತ್ ನಿರ್ವಹಣೆಯ ಪುಟದಲ್ಲಿ ಗುಂಡಿಗಳ ಕಾರ್ಯವನ್ನು ಗೊತ್ತುಮಾಡುವ ಭಾಗಕ್ಕೆ ಹೋಗಿ ಫಾಸ್ಟ್ ಸ್ಟಾರ್ಟಪ್ಪನ್ನು ನಿಲ್ಲಿಸಿದರೆ, ಬೆಳಗಿನ ಪ್ರಾರಂಭ ತುಸು ನಿಧಾನವಾಗುತ್ತದೆ. ತೊಂದರೆಗೆ ಕಾರಣ ಅದೇ ಆಗಿದ್ದರೆ ಫಲಕದ ಹೊಂದಾಣಿಕೆ ಮಾತ್ರ ಉಳಿಯುತ್ತದೆ.

ಇಂಥ ಶೋಧನೆಯಲ್ಲಿ ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಿ, ಅದನ್ನು ಕಾಗದದ ಮೇಲೆ ಗುರುತಿಸಿಕೊಂಡು, ಮೂರು ಬಗೆಯಲ್ಲಿಯೂ ಪರೀಕ್ಷಿಸುವುದು ಒಳ್ಳೆಯದು: ರೀಸ್ಟಾರ್ಟ್ ಮಾಡಿ, ಪೂರ್ತಿ ಆರಿಸಿ ಹೊತ್ತಿಸಿ, ಮಲಗಿಸಿ ಎಬ್ಬಿಸಿ. ನಾಲ್ಕು ಬದಲಾವಣೆಗಳನ್ನು ಒಟ್ಟಿಗೆ ಮಾಡಿದವನಿಗೆ ಗುಣವಾದರೂ ಯಾವ ಮದ್ದಿನಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಮುಂದಿನ ನವೀಕರಣ ಬಂದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ. ರಿಜಿಸ್ಟ್ರಿಯನ್ನು ನೇರವಾಗಿ ತಿದ್ದುವ ಸಾಹಸ ಕೊನೆಯದಾಗಿರಬೇಕು. ಅಲ್ಲಿ ಒಂದು ಸಾಲು ತಪ್ಪಿದರೆ ಫಲಕವಷ್ಟೇ ಅಲ್ಲ, ಇಡೀ ಯಂತ್ರವೇ ಮುಷ್ಕರ ಹೂಡಬಹುದು.

ಫಲಕವೊಂದೇ ಅಲ್ಲದೆ ಹಿನ್ನೆಲೆಯ ಚಿತ್ರ, ಬರೆದಿಟ್ಟ ಪಾಠ ಮುಂತಾಗಿ ಎಲ್ಲವೂ ಪ್ರತಿದಿನ ಮಾಯವಾಗುತ್ತಿದ್ದರೆ ಫಲಕದ ಬಳಿ ಹುಡುಕುವುದು ನಿಷ್ಪ್ರಯೋಜಕ. ಬಳಕೆದಾರನ ದಾಖಲೆ ಕೆಟ್ಟುಹೋದಾಗ ವಿಂಡೋಸ್ ಅವನಿಗೆ ತಾತ್ಕಾಲಿಕವಾದ ಒಂದು ದಾಖಲೆಯನ್ನು ಕೊಟ್ಟು ಒಳಬಿಡುವುದುಂಟು. ಹೊರಹೋದೊಡನೆ ಅದು ಅಳಿಸಲ್ಪಡುತ್ತದೆ. ಆ ವಿಷಯವನ್ನು ತಿಳಿಸುವ ಸೂಚನೆ ಒಳಬರುವಾಗ ಪರದೆಯ ಮೇಲೆ ಕಾಣಿಸುತ್ತದೆ. ಹೆಚ್ಚಿನವರು ಅದನ್ನು ಓದದೆ ಮುಚ್ಚುತ್ತಾರೆ.

ಶಾಲೆಗಳ ಗಣಕಯಂತ್ರ ಪ್ರಯೋಗಾಲಯಗಳ ಮಾತು ಬೇರೆ. ಒಂದೇ ಯಂತ್ರದ ಮುಂದೆ ದಿನಕ್ಕೆ ಹತ್ತಾರು ವಿದ್ಯಾರ್ಥಿಗಳು ಕೂರುವ ಎಡೆಗಳಲ್ಲಿ, ಪ್ರತಿ ಪ್ರಾರಂಭದಲ್ಲಿಯೂ ಯಂತ್ರವು ಗೊತ್ತಾದ ಒಂದೇ ಸ್ಥಿತಿಗೆ ಮರಳುವಂತೆ ಕೆಲವರು ಬೇಕೆಂದೇ ಏರ್ಪಡಿಸಿರುತ್ತಾರೆ. ಒಬ್ಬನು ಮಾಡಿದ ಅಚಾತುರ್ಯ ಇನ್ನೊಬ್ಬನಿಗೆ ತಟ್ಟಬಾರದೆಂಬುದು ಅದರ ಉದ್ದೇಶ. ಅಲ್ಲಿ ಬೆಳಗಿನ ತರಗತಿಯ ಎಡಗೈ ಹುಡುಗಿ ಅದಲುಬದಲು ಮಾಡಿಕೊಂಡ ಗುಂಡಿಗಳು, ಯಂತ್ರವನ್ನು ಮತ್ತೆ ಪ್ರಾರಂಭಿಸಿದೊಡನೆ ಮೊದಲಿನಂತಾಗಿರುತ್ತವೆ. ಇದನ್ನು ವಿದ್ಯಾರ್ಥಿ ತಾನೇ ಸರಿಪಡಿಸಲಾರಳು. ಮೇಲ್ವಿಚಾರಕರು ಬೀಗವನ್ನು ತೆಗೆದು, ಅವಳು ಕೂರುವ ಯಂತ್ರದಲ್ಲಿ ಅವಳ ಹೆಸರಿನ ಪ್ರತ್ಯೇಕ ಪ್ರವೇಶವನ್ನು ಕಲ್ಪಿಸಿ, ಗುಂಡಿಗಳನ್ನು ಅಲ್ಲಿ ಬದಲಾಯಿಸಿ, ಅನಂತರ ಬೀಗವನ್ನು ಮತ್ತೆ ಹಾಕಬೇಕು. ಆಗ ಆ ಯಂತ್ರವು ಪ್ರತಿದಿನವೂ ಮರಳುವ ಸ್ಥಿತಿಯಲ್ಲಿ ಅವಳ ಎಡಗೈಗೂ ಎಡೆಯಿರುತ್ತದೆ.